ಅಂಟುವಾಳ, ಬೂದಿ ನೀರು, ಬಿಂಬುಳಿ: ಬಟ್ಟೆಗೆ ಮನೆಯಲ್ಲೇ ಮಾಡಿಕೊಂಡ ಮೂರು ಬಾಟಲಿ

ಸೋಪಿನ ಪುಡಿಗೆ ಬದಲಾಗಿ ಏನು ಬಳಸಬಹುದು ಎಂದು ಕೇಳಿದರೆ ಎಲ್ಲ ಕಡೆ ಸಿಗುವ ಉತ್ತರ ಒಂದೇ. ಅಂಟುವಾಳದ ಕಾಯಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿ. ರೇಷ್ಮೆ ಸೀರೆಗೆ, ಸ್ವೆಟರಿಗೆ, ದಿನಾ ಉಡುವ ತೆಳು ಬಟ್ಟೆಗೆ ಅದು ನಿಜಕ್ಕೂ ಸಾಕು. ಆದರೆ ತೋಟದ ಕೆಲಸಕ್ಕೆ ಹಾಕಿಕೊಂಡ ಅಂಗಿಯ ಕಾಲರು ಅದಕ್ಕೆ ಬಗ್ಗುವುದಿಲ್ಲ. ಅಡಿಕೆಯ ಚೊಗರು (ಅದರ ಒಗರು ರಸ), ಕೆಮ್ಮಣ್ಣು ಇವಂತೂ ದೂರದ ಮಾತು. ಒಂದೇ ಕಾಯಿಯಿಂದ ಎಲ್ಲ ಕಲೆಯೂ ಹೋಗಬೇಕು ಅಂದರೆ ಆಗುವುದಿಲ್ಲ. ಅಂಗಡಿಯ ಪುಡಿಯಲ್ಲೂ ನೊರೆ ಬರಿಸುವುದು ಒಂದು, ಕ್ಷಾರ ಒಂದು, ಕಲೆ ಕರಗಿಸುವ ಕಿಣ್ವ ಇನ್ನೊಂದು, ಬೆಳ್ಳಗೆ ಕಾಣಿಸುವುದು ಮತ್ತೊಂದು ಅಂತ ನಾಲ್ಕಾರು ಸಾಮಾನು ಸೇರಿರುತ್ತವೆ.

ಹಾಗಾಗಿ ನಾನು ಮೂರು ಬೇರೆ ಬೇರೆ ದ್ರವ ಮಾಡಿಕೊಳ್ಳುತ್ತೇನೆ. ನೊರೆಗೆ ಅಂಟುವಾಳ. ಜಿಡ್ಡಿಗೆ ಬೂದಿ ನೀರು. ತುಕ್ಕು, ಕೆಮ್ಮಣ್ಣಿಗೆ ಬಿಂಬುಳಿ ಎಂಬ ಹುಳಿ ಕಾಯಿಯ ರಸ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಮೊದಲಿನ ಎರಡು ಇಲ್ಲೇ ಸಿಗುತ್ತವೆ, ಬಿಂಬುಳಿ ಕುಮಟಾದ ನೆಂಟರ ಹಿತ್ತಲಿನಿಂದ ಬರುತ್ತದೆ.

ಕಾಯಿ ಆರಿಸುವುದು

ಅಂಟುವಾಳದ ಮರ ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ಅಂಚಿನಲ್ಲಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಕಾಯಿ ಹಣ್ಣಾಗಿ ಉದುರುತ್ತದೆ. ನಮ್ಮ ಕಡೆಯ ಜಾತಿ ಸಪಿಂಡಸ್ ಟ್ರೈಫೋಲಿಯೇಟಸ್. ಇದರಲ್ಲಿ ಮೂರು ಕಾಯಿ ಒಂದಕ್ಕೊಂದು ಅಂಟಿಕೊಂಡು ಹುಟ್ಟುತ್ತವೆ. ಎಳೆಯದರ ಮೈಮೇಲೆ ತುಕ್ಕು ಬಣ್ಣದ ನವಿರಾದ ರೋಮ ಇರುತ್ತದೆ. ಪೇಟೆಯಲ್ಲಿ ರೀಠಾ ಅಂತ ಮಾರುವ ಒಂಟಿ ದುಂಡನೆಯ ಕಾಯಿ ಹಿಮಾಲಯದ ತಪ್ಪಲಿನ ಇನ್ನೊಂದು ಜಾತಿ, ಸಪಿಂಡಸ್ ಮುಕೊರೊಸ್ಸಿ. ಎರಡೂ ನೊರೆ ಕೊಡುತ್ತವೆ. ಗ್ರಂಥಿಗೆ ಅಂಗಡಿಯಲ್ಲಿ ಯಾವುದು ಸಿಕ್ಕರೂ ತರಬಹುದು.

ಮರ ಹತ್ತಿ ಹಸಿ ಕಾಯಿ ಬಡಿಯುವ ಅಗತ್ಯವಿಲ್ಲ. ಬಿದ್ದದ್ದನ್ನು ಆರಿಸಿದರೆ ಸಾಕು. ಬೂಸಲು ಹಿಡಿದದ್ದನ್ನು ಮಾತ್ರ ಬಿಡಬೇಕು. ರಕ್ಷಿತ ಅರಣ್ಯದಲ್ಲಿ ಹೀಗೆ ಹೋಗಿ ಚೀಲ ತುಂಬಿಕೊಂಡು ಬರುವಂತಿಲ್ಲ, ಅದೂ ನೆನಪಿರಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿ, ಸೀಗೆ, ಅಂಟುವಾಳ ಸಂಗ್ರಹಿಸಿಯೇ ಬದುಕಿನ ಒಂದು ಭಾಗ ನಡೆಸುವವರು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಅವರಿಗೆ ಸಮುದಾಯದ ಹಕ್ಕು ಪತ್ರ ಸಿಕ್ಕಿದ್ದು 2011ರಲ್ಲಿ. ಮರ ಇಲ್ಲದವರು ಕಾಡಿಗೆ ನುಗ್ಗುವುದಕ್ಕಿಂತ ಇಂಥವರು ಆರಿಸಿದ ಕಾಯಿ ಕೊಳ್ಳುವುದು ಒಳ್ಳೆಯದು.

ಕಾಯಿಯನ್ನು ಅಂಗಳದಲ್ಲಿ ಹರಡಿ, ಸಿಪ್ಪೆ ಸುಕ್ಕುಗಟ್ಟಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಬೇಕು. ಆಮೇಲೆ ಕಲ್ಲಿನಿಂದ ಮೆತ್ತಗೆ ತಟ್ಟಿ ಕರಿ ಬೀಜ ತೆಗೆಯುವುದು. ಬೀಜದಲ್ಲಿ ನೊರೆ ಇಲ್ಲ, ಕೆಲಸವೆಲ್ಲ ಸಿಪ್ಪೆಯದ್ದೇ. ಸಿಪ್ಪೆಯನ್ನು ಮಿಕ್ಸಿಗೆ ಹಾಕಿ ಪುಡಿ ಮಾಡುವವರಿದ್ದಾರೆ. ಅದರ ಧೂಳು ಮೂಗಿಗೆ ಹೋದರೆ ಸೀನಿ ಸೀನಿ ಸಾಕಾಗುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಇಡೀ ಸಿಪ್ಪೆಯನ್ನೇ ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಬಿಗಿ ಇರಬೇಕು, ಅಷ್ಟೇ.

ಅಂಟುವಾಳದ ದ್ರವ

100 ಗ್ರಾಂ ಸಿಪ್ಪೆಗೆ 1 ಲೀಟರ್ ನೀರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಬೇಕು. ಪಾತ್ರೆ ದೊಡ್ಡದಿರಲಿ, ಹಾಲಿಗಿಂತ ಬೇಗ ಉಕ್ಕುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ದ್ರವ ಕಪ್ಪಾಗುತ್ತದೆ, ಆ ಕಪ್ಪು ಬಟ್ಟೆಗೂ ಹತ್ತುತ್ತದೆ. ಸೀಗೆಕಾಯಿ ಸೇರಿಸಿದ್ದರಂತೂ ಇನ್ನೂ ಜಾಸ್ತಿ, ಅದರಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇದೆ.

ತಣ್ಣಗಾದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಅದೇ ಚರಟಕ್ಕೆ ಅರ್ಧ ಲೀಟರ್ ನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ಎರಡನೇ ಸಲದ್ದೂ ಸಿಗುತ್ತದೆ. ಎರಡನ್ನೂ ಸೇರಿಸಿ ಇಡುವುದು. ಉಳಿದ ಚರಟ ಹಿತ್ತಾಳೆ ಪಾತ್ರೆ ಉಜ್ಜುವುದಕ್ಕೆ ಬರುತ್ತದೆ. ಬೆಳ್ಳಿ ದೀಪಕ್ಕೂ ಆಗುತ್ತದೆ. ಅಕ್ಕಸಾಲಿಗರು ಒಡವೆ ತೊಳೆಯುವುದೂ ಇದರಲ್ಲೇ ಅಲ್ವಾ.

ಈ ನೊರೆಗೆ ಕಾರಣ ಸಪೋನಿನ್. ಆ ಅಣುವಿನ ಒಂದು ಕಡೆ ಸಕ್ಕರೆ, ಅದು ನೀರನ್ನು ಹಿಡಿಯುತ್ತದೆ. ಇನ್ನೊಂದು ಕಡೆ ಎಣ್ಣೆಯನ್ನು ಹಿಡಿಯುತ್ತದೆ. ಹೀಗೆ ಜಿಡ್ಡು ಬಟ್ಟೆ ಬಿಟ್ಟು ನೀರಿಗೆ ಬರುತ್ತದೆ. ಗಡಸು ನೀರಿನ ಊರಿನವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಬಟ್ಟೆ ಮೇಲೆ ಕೂರುತ್ತದೆ. ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ. ಕೋಲಾರ, ತುಮಕೂರು ಕಡೆ ಕೊಳವೆ ಬಾವಿ ನೀರಲ್ಲಿ ಬಟ್ಟೆ ಒಗೆಯುವವರು ಇದನ್ನು ಮೊದಲು ಮಾಡಿ ನೋಡಬೇಕಾದವರು.

ತೊಂದರೆ ಅಂದರೆ ಬಾಳಿಕೆ. ದ್ರವದಲ್ಲಿ ಸಕ್ಕರೆ ಅಂಶ ಇರುವುದರಿಂದ ಹೊರಗಿಟ್ಟರೆ ಒಂದು ವಾರದೊಳಗೆ ಹುಳಿ ವಾಸನೆ ಬಂದು ಬಾಟಲಿ ಮುಚ್ಚಳ ಉಬ್ಬುತ್ತದೆ. ಫ್ರಿಜ್‌ನಲ್ಲಿ ಎರಡು ವಾರ ಧಾರಾಳ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನನಗೆ ಅದೆಲ್ಲ ರಗಳೆ ಅನ್ನಿಸಿ, ವಾರಕ್ಕೆ ಬೇಕಾದಷ್ಟೇ ಕುದಿಸಿಕೊಳ್ಳುತ್ತೇನೆ. ಬಾಟಲಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ನೋಡುವುದಕ್ಕೆ ಥೇಟ್ ಬೆಲ್ಲದ ನೀರು. ಕುಡಿದರೆ ವಾಂತಿ ಗ್ಯಾರಂಟಿ.

ಬೆಲ್ಲ 1, ಹಣ್ಣಿನ ಸಿಪ್ಪೆ 3, ನೀರು 10 ಪಾಲು ಅಂತ ಹಾಕಿ ಮೂರು ತಿಂಗಳು ಹುದುಗಿಸುವ ಬಯೋಎನ್ಜೈಮ್ ಈಗ ಬೆಂಗಳೂರಿನ ಮನೆಮನೆಗಳಲ್ಲಿ ಇದೆ. ಅದಕ್ಕೂ ಅಂಟುವಾಳ ಹಾಕುತ್ತಾರೆ. ನೆಲ ಒರೆಸಲು ಅದು ಒಳ್ಳೆಯದೇ. ಬಟ್ಟೆಯ ವಿಷಯಕ್ಕೆ ಬಂದರೆ ಅದರಲ್ಲಿ ದುಡಿಯುವುದು ಅಂಟುವಾಳವೇ. ಅಷ್ಟಕ್ಕೆ ಮೂರು ತಿಂಗಳು ಕಾಯುವುದು ಯಾಕೆ ಅಂತ ನನಗೆ ಅನ್ನಿಸುತ್ತದೆ.

ಬೂದಿ ನೀರು ಇಳಿಸುವುದು

ನಿಜವಾದ ಕೆಲಸ ಇರುವುದು ಇಲ್ಲಿ. ಮೊದಲು ಬೂದಿ. ಅಡಿಕೆ ಬೇಯಿಸುವ ಒಲೆಯದ್ದು ಬಹಳ ಒಳ್ಳೆಯದು, ಯಾಕೆಂದರೆ ಅದರೊಳಗೆ ಹೋಗುವುದು ಕಟ್ಟಿಗೆ ಮತ್ತು ತೆಂಗಿನ ಸಿಪ್ಪೆ ಮಾತ್ರ. ಬಚ್ಚಲು ಒಲೆಯ ಬೂದಿ ತೆಗೆದುಕೊಳ್ಳುವಾಗ ಹುಷಾರು. ಹಾಲಿನ ಕವರು, ಬಣ್ಣದ ಕಾಗದ ಎಲ್ಲ ಅಲ್ಲಿಗೇ ಬೀಳುತ್ತದೆ. ಅಂಥ ಬೂದಿ ಬೇಡ. ಮಳೆಯಲ್ಲಿ ನೆಂದ ಬೂದಿಯೂ ಬೇಡ, ಅದರ ಸತ್ವ ಆಗಲೇ ತೊಳೆದುಹೋಗಿರುತ್ತದೆ. ತೆಂಗಿನ ಸಿಪ್ಪೆ ಮತ್ತು ಒಣಗಿದ ಬಾಳೆ ದಿಂಡಿನ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು. ಅಸ್ಸಾಮಿನಲ್ಲಿ ಬಾಳೆ ಸಿಪ್ಪೆ ಸುಟ್ಟ ಬೂದಿಯಿಂದ ಇಳಿಸುವ ಕೊಲಾಖಾರ್ ಅಡುಗೆಗೂ ಬಳಕೆ, ಬಟ್ಟೆ ತೊಳೆಯಲೂ ಬಳಕೆ.

ಜರಡಿ ಹಿಡಿದು ಇದ್ದಿಲು ಚೂರು ತೆಗೆಯಿರಿ. ತಳಕ್ಕೆ ತೂತಿರುವ ಹಳೆಯ ಮಣ್ಣಿನ ಹೂಕುಂಡ ತೆಗೆದುಕೊಳ್ಳಿ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು, ಅದರ ಮೇಲೆ ಎರಡು ಮಡಿಕೆ ಹತ್ತಿ ಬಟ್ಟೆ. ಮೇಲೆ ಮುಕ್ಕಾಲು ಪಾಲು ಬೂದಿ ತುಂಬಿ, ಕೈಯಿಂದ ಸ್ವಲ್ಪ ಒತ್ತಿ. ಜಾಸ್ತಿ ಗಟ್ಟಿ ಮಾಡಿದರೆ ನೀರು ಇಳಿಯುವುದಿಲ್ಲ. ಸಡಿಲ ಬಿಟ್ಟರೆ ನೀರು ಒಂದೇ ದಾರಿ ಮಾಡಿಕೊಂಡು ಸುಮ್ನೆ ಇಳಿದುಹೋಗುತ್ತದೆ. ಕುಂಡವನ್ನು ಎರಡು ಕಲ್ಲಿನ ಮೇಲಿಟ್ಟು ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಡಿ. ಅಲ್ಯೂಮಿನಿಯಂ ಪಾತ್ರೆ ಇಡಲೇಬೇಡಿ, ಕ್ಷಾರ ಅದನ್ನು ತಿನ್ನುತ್ತದೆ.

ಮೊದಲು ಬೂದಿ ಒದ್ದೆಯಾಗುವಷ್ಟೇ ಬಿಸಿ ನೀರು ಹಾಕಿ ರಾತ್ರಿ ಬಿಡುವುದು. ಬೆಳಿಗ್ಗೆ ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುತ್ತಾ ಹೋದರೆ ಹನಿ ಹನಿಯಾಗಿ ಇಳಿಯುತ್ತದೆ. ಮೊದಲು ಬರುವುದು ಕಂದು ಬಣ್ಣದ್ದು, ಅದೇ ಖಡಕ್. ಆಮೇಲೆ ತಿಳಿಯಾಗುತ್ತಾ ಹೋಗುತ್ತದೆ.

ಎಷ್ಟು ಖಡಕ್ ಅಂತ ನೋಡಲು ಅಂಗಡಿಯ ಪಟ್ಟಿ, ಮೀಟರ್ ಏನೂ ಬೇಡ. ಅರಿಶಿನ ಸಾಕು. ಬಿಳಿ ಕಾಗದಕ್ಕೆ ಅರಿಶಿನ ನೀರು ಹಚ್ಚಿ ಒಣಗಿಸಿ, ಸಣ್ಣ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಿ. ಬೂದಿ ನೀರಿಗೆ ಅದ್ದಿದರೆ ಪಟ್ಟಿ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುತ್ತೇವಲ್ಲ, ಅದೇ ಇಲ್ಲೂ ಆಗುವುದು. ಕಡು ಕೆಂಪಾದರೆ ಅದಕ್ಕೆ ಹತ್ತು ಪಾಲು ನೀರು ಬೆರೆಸಿ ಬಳಸಬೇಕು. ನಸುಗೆಂಪಾದರೆ ಮೂರು ನಾಲ್ಕು ಪಾಲು ಸಾಕು. ಪಟ್ಟಿ ಹಳದಿಯಾಗೇ ಉಳಿದರೆ ಆ ಬೂದಿಯಲ್ಲಿ ಇನ್ನೇನೂ ಉಳಿದಿಲ್ಲ ಅಂತ ಅರ್ಥ.

ಬೆರಳಿಗೆ ತಾಗಿಸಿದರೆ ಜಾರುತ್ತದೆ, ಮುಟ್ಟಿ ನೋಡುವ ಆಸೆ ಆಗುತ್ತದೆ. ಆ ಜಾರುವಿಕೆ ಅಂದರೆ ನಮ್ಮ ಚರ್ಮದ ಎಣ್ಣೆಯೇ ಸಾಬೂನಾಗುತ್ತಿರುವುದು. ನಮ್ಮ ಆಯಿ ಬೂದಿ ನೀರು ಇಳಿಸುವ ಕಡೆ ಬಂದಾಗಲೆಲ್ಲ ಹೇಳುವುದು ಒಂದೇ, "ತಮಾ, ಅದ್ರಲ್ಲಿ ಕೈ ಹಾಕಡ." ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಇದರಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಬೆವರು, ತಲೆಗೆ ಹಚ್ಚಿದ ಎಣ್ಣೆ ಕಾಲರಿನಲ್ಲಿ ಕೂತು ಹಳಸುತ್ತದೆ. ಹಳಸಿದ ಎಣ್ಣೆಯ ಆಮ್ಲವನ್ನು ಬೂದಿ ನೀರು ಅಲ್ಲೇ ಸಾಬೂನಾಗಿ ಮಾಡಿಬಿಡುತ್ತದೆ. ಜೊತೆಗೆ ನೀರಿನ ಕ್ಯಾಲ್ಸಿಯಂ ತಳಕ್ಕೆ ಕೂತು ನೀರು ಮೆದುವಾಗುತ್ತದೆ. ಮಡಿವಾಳರು ಬಟ್ಟೆಯನ್ನು ಸವಳು ಮಣ್ಣಿನ ನೀರಲ್ಲಿ ಅದ್ದಿ ಉಬ್ಬೆಗೆ, ಅಂದರೆ ಹಬೆಯಲ್ಲಿ ಬೇಯಲು, ಹಾಕುತ್ತಿದ್ದುದೂ ಈ ಕ್ಷಾರದ ಕೆಲಸಕ್ಕೇ. ಅವರು ಹಬೆಯನ್ನೂ ಸೇರಿಸುತ್ತಿದ್ದರು, ಆಮೇಲೆ ಕಲ್ಲಿಗೆ ಬಡಿಯುತ್ತಿದ್ದರು. ಅವರ ಮಡಿ ಬಟ್ಟೆಯ ಬಿಳುಪಿನಲ್ಲಿ ನೊರೆಗಿಂತ ಕ್ಷಾರ, ಶಾಖ, ರಟ್ಟೆಯ ಪಾಲೇ ದೊಡ್ಡದು.

ಚೂರು ಬಟ್ಟೆಯ ಮೇಲೆ ಪರೀಕ್ಷೆ

ಹಳೆಯ ಬಿಳಿ ಪಂಚೆಯೊಂದನ್ನು ಹರಿದು ಚೂರು ಮಾಡಿದೆ. ತೆಂಗಿನೆಣ್ಣೆಗೆ ಮಸಿ ಕಲಸಿ ಕೆಲವಕ್ಕೆ, ಚಹಾ ಕೆಲವಕ್ಕೆ, ಅರಿಶಿನ, ಅಡಿಕೆ ಚೊಗರು, ಕೆಮ್ಮಣ್ಣು ಉಳಿದವಕ್ಕೆ ಬಳಿದು ಒಣಗಿಸಿದೆ. ಪ್ರತಿ ಕಲೆಯ ಒಂದೊಂದು ಚೂರನ್ನು ಬರಿ ಬಿಸಿ ನೀರಲ್ಲಿ, ಅಂಟುವಾಳದಲ್ಲಿ, ಬೂದಿ ನೀರಲ್ಲಿ, ಬೂದಿ ನೀರಾದ ಮೇಲೆ ಅಂಟುವಾಳದಲ್ಲಿ, ಅಂಗಡಿ ಪುಡಿಯಲ್ಲಿ ತೊಳೆದೆ. ಬರಿ ನೀರಿನ ಚೂರು ಮುಖ್ಯ. ಅದಿಲ್ಲದಿದ್ದರೆ ನೀರು ಮಾಡಿದ ಕೆಲಸಕ್ಕೂ ಅಂಟುವಾಳದ ಹೆಸರೇ ಬರುತ್ತದೆ. ಬೆವರು, ಧೂಳು ಮಾತ್ರ ಇರುವ ಬಟ್ಟೆಗೆ ಬಿಸಿ ನೀರೊಂದೇ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ.

ಎಣ್ಣೆ ಮಸಿಯಲ್ಲಿ ಫಲಿತಾಂಶ ಸ್ಪಷ್ಟ. ಅಂಟುವಾಳ ಒಂದೇ ಆದರೆ ಸುಮಾರು. ಬೂದಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಆಮೇಲೆ ಬೆಚ್ಚಗಿನ ಅಂಟುವಾಳದ ನೀರಲ್ಲಿ ತಿಕ್ಕಿದ್ದು ಅಂಗಡಿ ಪುಡಿಯ ಹತ್ತಿರ ಹತ್ತಿರ ಬಂತು. ಎರಡನ್ನೂ ಒಂದೇ ಬಕೆಟ್‌ಗೆ ಸುರಿಯುವುದು ಬೇಡ. ಅಂಟುವಾಳ ಕ್ಷಾರದಲ್ಲಿ ಕಂದಾಗಿ ಬಿಳಿ ಬಟ್ಟೆಗೆ ಮಾಸಲು ಬಣ್ಣ ಹಿಡಿಸುತ್ತದೆ.

ಚಹಾ ಮತ್ತು ಚೊಗರಿನ ಕಥೆ ಉಲ್ಟಾ. ಬೂದಿ ನೀರು ಬಿದ್ದ ಕೂಡಲೇ ಕಲೆ ಇನ್ನೂ ಕಪ್ಪಾಯಿತು. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದು ಇದೇ ಕಾರಣಕ್ಕೆ. ಅಡಿಕೆ ಸುಲಿಯುವವರ ಬಟ್ಟೆಗೆ ಬೂದಿ ನೀರು ತೋರಿಸಲೇಬಾರದು. ನಿಂಬೆ ರಸ ಹಚ್ಚಿ, ಅಂಟುವಾಳದಲ್ಲಿ ತೊಳೆದು, ಬಿಸಿಲಿಗೆ ಹಾಕಿದರೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಸುಲಿಯುವುದಕ್ಕೆ ಅಂತ ಒಂದು ಜೊತೆ ಬಟ್ಟೆ ಬೇರೆಯೇ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ, ಅದು ಸರಿಯೇ.

ಅರಿಶಿನದ ಕಲೆ ಬೂದಿ ನೀರಲ್ಲಿ ರಕ್ತದಂತೆ ಕೆಂಪಾದರೆ ಹೆದರಬೇಡಿ. ಜಾಲಾಡಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದದ್ದನ್ನು ಬಿಸಿಲು ತೆಗೆಯುತ್ತದೆ, ಅರಿಶಿನದ ಬಣ್ಣ ಬಿಸಿಲು ತಡೆಯುವುದಿಲ್ಲ. ಅದಕ್ಕೆ ಔಷಧಿ ಅಂದರೆ ಒದ್ದೆ ಬಟ್ಟೆಯನ್ನು ಮಧ್ಯಾಹ್ನದ ಬಿಸಿಲಿಗೆ ಹರಡುವುದು.

ಕೆಮ್ಮಣ್ಣು ಯಾವುದಕ್ಕೂ ಸೋಲಲಿಲ್ಲ, ಅಂಗಡಿ ಪುಡಿಗೂ. ಅದರ ಕೆಂಪು ಬಣ್ಣ ಅಂದರೆ ಕಬ್ಬಿಣದ ಆಕ್ಸೈಡ್, ತುಕ್ಕಿನ ಬಳಗ. ಅದಕ್ಕೆ ಬೇಕಾದ್ದು ಹುಳಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಕರಾವಳಿಯವರು ಕತ್ತಿಯ ತುಕ್ಕು, ಬಟ್ಟೆಯ ತುಕ್ಕಿನ ಕಲೆ ತೆಗೆಯಲು ಇದನ್ನೇ ಉಜ್ಜುತ್ತಾರೆ. ಮಣ್ಣು ಪೂರ್ತಿ ಒಣಗಿದ ಮೇಲೆ ಬ್ರಷ್‌ನಿಂದ ಕೊಡವಿ, ಬಿಂಬುಳಿ ಜಜ್ಜಿ ರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದೆ. ಬಾಗಿಲಿನ ಮೊಳೆಯಿಂದ ಹತ್ತಿದ್ದ ತುಕ್ಕಿನ ಕಲೆ ಮಾಯ. ಕೆಮ್ಮಣ್ಣು ಮುಕ್ಕಾಲು ಹೋಯಿತು. ಬಣ್ಣದ ಬಟ್ಟೆಗೆ ಹಚ್ಚುವ ಮೊದಲು ಅಂಚಿನಲ್ಲಿ ಒಂದು ಹನಿ ಹಾಕಿ ನೋಡಿ. ರಸವನ್ನು ಬಟ್ಟೆಯಲ್ಲೇ ಒಣಗಲು ಬಿಡಬೇಡಿ.

ಕರಿಗೇರಿನ ಸೊನೆ ಬಿದ್ದ ಬಟ್ಟೆಯನ್ನು ಪರೀಕ್ಷೆಗೆ ತೆಗೆದುಕೊಳ್ಳಲೇ ಇಲ್ಲ. ಮಡಿವಾಳರು ಯಾರ ಮನೆಯ ಬಟ್ಟೆ ಅಂತ ಗುರುತು ಹಾಕುತ್ತಿದ್ದುದೇ ಅದರಿಂದ. ಉಬ್ಬೆಯಲ್ಲಿ ಬೆಂದರೂ ಹೋಗದ ಕಲೆ ನನ್ನ ಬಕೆಟ್‌ನಲ್ಲಿ ಹೋಗುತ್ತದೆಯೇ?

ದಿನಬಳಕೆಯಲ್ಲಿ

ಈಗ ಮನೆಯಲ್ಲಿ ನಡೆಯುತ್ತಿರುವುದು ಹೀಗೆ. ಮಾಮೂಲಿ ಬಟ್ಟೆಗೆ ಒಂದು ಬಕೆಟ್ ಬೆಚ್ಚಗಿನ ನೀರಿಗೆ 100ರಿಂದ 150 ಮಿಲಿ ಅಂಟುವಾಳದ ದ್ರವ, ಅರ್ಧ ಗಂಟೆ ನೆನೆಸುವುದು. ಬಿಳಿ ಹತ್ತಿ ಬಟ್ಟೆ, ಕರವಸ್ತ್ರ, ತಲೆದಿಂಬಿನ ಕವರಿಗೆ ಮೊದಲು ಬೂದಿ ನೀರು. ರೇಷ್ಮೆ ಮತ್ತು ಉಣ್ಣೆಗೆ ಬೂದಿ ನೀರು ಖಂಡಿತ ಬೇಡ. ಅವೆರಡೂ ಪ್ರೋಟೀನ್ ನೂಲು, ಕ್ಷಾರ ಅವನ್ನು ಸವೆಸುತ್ತದೆ. ಮೈಸೂರು ರೇಷ್ಮೆ, ಇಳಕಲ್ ಸೀರೆಗೆ ತಣ್ಣೀರಲ್ಲಿ ಅಂಟುವಾಳ, ತಿಕ್ಕದೆ ಅದ್ದಿ ತೆಗೆಯುವುದು, ನೆರಳಲ್ಲಿ ಒಣಗಿಸುವುದು. ಅಂಟುವಾಳಕ್ಕೆ ತುಸು ಹುಳಿ ಗುಣ ಇರುವುದರಿಂದ ರೇಷ್ಮೆಗೆ ಅದು ಹಿತ.

ವಾಷಿಂಗ್ ಮಷೀನಿನಲ್ಲಿ ಸಿಪ್ಪೆಯನ್ನೇ ಸಣ್ಣ ಬಟ್ಟೆಯ ಗಂಟು ಕಟ್ಟಿ ಬಟ್ಟೆಯ ನಡುವೆ ಹಾಕಬಹುದು. ತಣ್ಣೀರಲ್ಲಿ ಅದು ಸರಿಯಾಗಿ ಬಿಡುವುದಿಲ್ಲ, 40 ಡಿಗ್ರಿ ಇಡಬೇಕು. ದ್ರವ ಹಾಕುವುದಾದರೆ ಅರ್ಧ ಲೋಟ ಸಾಕು. ಬೂದಿ ನೀರನ್ನು ಮಷೀನಿಗೆ ಹಾಕಬೇಡಿ. ಫ್ರಂಟ್ ಲೋಡ್ ಮಷೀನುಗಳಲ್ಲಿ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕವಲಿನ ಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬೂದಿ ನೀರಲ್ಲಿ ನೆನೆಸುವ ಕೆಲಸ ಬಕೆಟ್‌ನಲ್ಲೇ ಮುಗಿಸಿ, ಚೆನ್ನಾಗಿ ಜಾಲಾಡಿ, ಆಮೇಲೆ ಮಷೀನು.

ಬಿಳಿ ಬಟ್ಟೆ ಸ್ವಲ್ಪ ಹಳದಿ ಕಾಣುತ್ತದೆ ಅಂತ ಮನೆಯಲ್ಲಿ ಗೊಣಗಾಟ ಬಂತು. ಅದು ಕೊಳೆ ಅಲ್ಲ. ಅಂಗಡಿ ಪುಡಿಗಳಲ್ಲಿ ಬಿಸಿಲಿನ ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಬಿಡುವ ಬಣ್ಣ ಬೆರೆಸಿರುತ್ತಾರೆ, ಕಣ್ಣಿಗೆ ಬೆಳ್ಳಗೆ ಹೊಳೆಯುವುದು ಅದರಿಂದ. ಕೊನೆಯ ಜಾಲಾಟದಲ್ಲಿ ಎರಡು ಹನಿ ನೀಲಿ ಹಾಕಿದೆ. ಗೊಣಗಾಟ ನಿಂತಿತು.

ಬಯಲು ಸೀಮೆಯಲ್ಲಿ ಅಂಟುವಾಳ ಸಿಗದವರು ಚುಜ್ಜಲು ಪುಡಿ (ಚುಜ್ಜಲು ಮರದ ಒಣ ಎಲೆಯ ಪುಡಿ) ಬಳಸಬಹುದೇ ಅಂತ ಕೇಳುತ್ತಾರೆ. ತಲೆಗೆ ಅದು ಬಹಳ ಚೆನ್ನ. ಬಟ್ಟೆಗೆ ಹಸಿರು ಹಿಡಿಯುತ್ತದೆ, ಕಡು ಬಣ್ಣದ ಬಟ್ಟೆಗೆ ಮಾತ್ರ ಸರಿ. ಮತ್ತಿ ಸೊಪ್ಪು, ದಾಸವಾಳದ ಸೊಪ್ಪಿನ ಲೋಳೆಯೂ ತಲೆಗೇ ಇರಲಿ. ಕತ್ತಾಳೆ ಎಲೆಯಲ್ಲೂ ಸಪೋನಿನ್ ಇದೆ, ಆದರೆ ಅದರ ರಸ ಮೈಗೆ ತಾಗಿದರೆ ತುರಿಕೆ. ನಾನು ಆ ಗೋಜಿಗೆ ಹೋಗುವುದಿಲ್ಲ.

ತೊಳೆದ ನೀರಿನ ಬಗ್ಗೆ ಒಂದು ಮಾತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದ ಚಿತ್ರಗಳನ್ನು ನೋಡಿದ ಮೇಲೆ, ಗಿಡದಿಂದ ಬಂದದ್ದಾದರೆ ಎಲ್ಲಿ ಚೆಲ್ಲಿದರೂ ನಡೆಯುತ್ತದೆ ಅಂತ ನಂಬಿದವರು ಬಹಳ ಮಂದಿ. ಸಪೋನಿನ್ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ನಿಜ. ಆದರೆ ಮೀನಿಗೆ ಅದು ವಿಷ. ಕಿವಿರಿನ ಮೂಲಕ ಒಳಗೆ ಹೋಗಿ ರಕ್ತಕಣ ಒಡೆಯುತ್ತದೆ. ಸಪೋನಿನ್ ಇರುವ ಕಾಯಿಗಳನ್ನು ಜಜ್ಜಿ ಹೊಂಡಕ್ಕೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಇದ್ದದ್ದು ಇದೇ ಗುಣದಿಂದ. ಹಳ್ಳ, ಕೆರೆ, ಮೀನಿರುವ ಬಾವಿಯ ಪಕ್ಕ ಇದರಲ್ಲಿ ಬಟ್ಟೆ ಒಗೆಯಬೇಡಿ. ನಮ್ಮ ಬಚ್ಚಲು ನೀರು ಬಾಳೆ ಬುಡಕ್ಕೆ ಹೋಗುತ್ತದೆ. ಬೂದಿ ನೀರಿನ ಮೊದಲ ಹಿಂಡಿಗೆಯನ್ನು ಮಾತ್ರ ನೀರು ಬೆರೆಸಿ ತೆಳು ಮಾಡಿ ತೋಟದಲ್ಲಿ ಅಲ್ಲಲ್ಲಿ ಹಂಚಿ ಚೆಲ್ಲುತ್ತೇನೆ. ಒಂದೇ ಬುಡಕ್ಕೆ ದಿನಾ ಹೊಯ್ದರೆ ಮಣ್ಣಿನಲ್ಲಿ ಕ್ಷಾರ ಏರುತ್ತದೆ.

ಅಂಗಡಿಯ ಪುಡಿ ಮನೆಯಿಂದ ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಅಡಿಕೆಗೆ ಔಷಧಿ ಹೊಡೆಯುತ್ತಾರಲ್ಲ, ಆ ಬಟ್ಟೆಗೆ ಈ ಮೂರು ಬಾಟಲಿಯಲ್ಲಿ ಯಾವುದೂ ಪೂರ್ತಿ ಕೆಲಸ ಮಾಡಿಲ್ಲ. ನೀಲಿ ಕಲೆ ಹುಳಿಗೆ ಸ್ವಲ್ಪ ಕರಗುತ್ತದೆ. ಆದರೆ ಆ ಕಾಲದಲ್ಲಿ ಬಿಸಿಲಿಲ್ಲ, ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಅರೆ ಒಣಗಿದ ಬಟ್ಟೆಯಲ್ಲಿ ಅಂಟುವಾಳದ ವಾಸನೆ ಮುಗ್ಗಲು ವಾಸನೆಯ ಜೊತೆ ಸೇರಿಕೊಳ್ಳುತ್ತದೆ. ಹಾಗಾಗಿ ಔಷಧಿ ಹೊಡೆಯುವವರ ಬಟ್ಟೆಗೆ ಬೇರೆ ಬಕೆಟ್, ಬೇರೆ ಪುಡಿ.